ಮೂರು ವಿಶ್ವವಿದ್ಯಾಲಯಗಳಿಂದ ಕರೆ ಬಂದಿದೆ, ಮಗಳು ಯಾವ ತಂಡ ಸೇರಬೇಕು?

ಪ್ರಶ್ನೆ (ದೀರ್ಘ ಪತ್ರದ ಸಂಕ್ಷಿಪ್ತ ರೂಪ): ನಾವು ಹಾಸನ ಕಡೆಯವರು. ಬಹಳ ವರ್ಷಗಳಿಂದ ಅಮೆರಿಕದ ಡಲ್ಲಾಸ್ ಹತ್ತಿರ ನೆಲೆಸಿದ್ದೇವೆ. ಮಗಳು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅತ್ಯುನ್ನತ ದರ್ಜೆಯಾದ ಡಿವಿಷನ್ 1ರಲ್ಲಿ, ಸಣ್ಣ ಕಾನ್ಫರೆನ್ಸ್‌ನ (ತಂಡಗಳ ಗುಂಪಿನ) ಒಂದು ತಂಡಕ್ಕೆ ಎರಡು ವರ್ಷ ಆಡಿದ್ದಾಳೆ. ಶೂಟಿಂಗ್ ಗಾರ್ಡ್, ಅಂದರೆ ದೂರದಿಂದ ಎಸೆದು ಪಾಯಿಂಟ್ ಗಳಿಸುವವಳು. ಈ ಸಲ ಪಂದ್ಯಕ್ಕೆ ಸರಾಸರಿ 28 ನಿಮಿಷ ಆಡಿ 12 ಪಾಯಿಂಟ್ ಗಳಿಸಿದ್ದಾಳೆ. ಓದುತ್ತಿರುವುದು ಬಯೋಮೆಡಿಕಲ್ ಎಂಜಿನಿಯರಿಂಗ್. ಮುಖ್ಯ ಕೋಚ್ ಕೆಲಸ ಬಿಟ್ಟ ಮೇಲೆ ಇವಳೂ ಹೆಸರನ್ನು ವರ್ಗಾವಣೆ ಪೋರ್ಟಲ್‌ಗೆ, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿಗೆ ಹಾಕಿದಳು. ಈಗ ಮೂರು ಕಡೆಯಿಂದ ಸ್ಕಾಲರ್‌ಶಿಪ್ ಸಮೇತ ಕರೆ ಬಂದಿದೆ. ಒಂದು, ಟಿವಿಯಲ್ಲಿ ಸದಾ ಕಾಣುವ ದೊಡ್ಡ ವಿಶ್ವವಿದ್ಯಾಲಯ. ಅಲ್ಲಿ ಹಣವನ್ನೂ ಕೊಡುತ್ತಾರಂತೆ. ಎರಡನೆಯದರಲ್ಲಿ, ಇವಳನ್ನು ಮೊದಲು ಆರಿಸಿದ ಸಹಾಯಕ ಕೋಚ್ ಈಗ ಮುಖ್ಯ ಕೋಚ್ ಆಗಿದ್ದಾರೆ. ಮೂರನೆಯದು ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ನಮ್ಮ ಯಜಮಾನರಿಗೆ ಮೊದಲನೆಯದು ಇಷ್ಟ, ಮಗಳಿಗೆ ಎರಡನೆಯದು, ನನಗೆ ಮೂರನೆಯದು. ಮಗಳು ಇನ್ನೂ ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದಾಳೆ, ಡಿಸೆಂಬರಿಗೆ 21 ತುಂಬುತ್ತದೆ. ಮೂರೂ ತಂಡಗಳ ಆಟಗಾರ್ತಿಯರ ಪಟ್ಟಿ ಮತ್ತು ಮಗಳ ಟ್ರಾನ್ಸ್‌ಕ್ರಿಪ್ಟ್ ಜೊತೆಗಿಟ್ಟಿದ್ದೇನೆ. ಏನು ಮಾಡಬೇಕು?

ಉತ್ತರ: ನೀವು ಕಳುಹಿಸಿದ ಕಾಗದಗಳನ್ನು ಮುಂದಿಟ್ಟುಕೊಂಡು ಹೇಳುವುದಾದರೆ ನನ್ನ ಮತ ಮೂರನೆಯದಕ್ಕೆ. ಆದರೆ ಅದು ಮನೆಗೆ ಹತ್ತಿರ ಎಂಬುದು ನನ್ನ ಕಾರಣವಲ್ಲ. ಅಲ್ಲಿ ನಿಮ್ಮ ಮಗಳ ಜಾಗ ಖಾಲಿಯಾಗಿದೆ, ಅವಳ ಓದೂ ಮುರಿಯದೆ ಮುಂದುವರಿಯುತ್ತದೆ. ಈ ಎರಡೂ ಕೂಡಿ ಬಂದಿರುವುದು ಮೂರರಲ್ಲಿ ಅಲ್ಲಿ ಮಾತ್ರ. ಇದನ್ನು ನೀವು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಲೆಕ್ಕ ಹಾಕಿ ನೋಡುವ ಬಗೆಯನ್ನು ಹೇಳುತ್ತೇನೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಮಾಡಿ ನೋಡಿ.

ಮೊದಲು ಓದಿನ ವಿಷಯ. ಹೆಚ್ಚಿನ ಮನೆಗಳಲ್ಲಿ ಇದು ಕೊನೆಗೆ ಬರುತ್ತದೆ, ಅಲ್ಲೇ ತೊಂದರೆ ಶುರುವಾಗುವುದು. ಹಿಂದೆ ಕಾಲೇಜು ಬದಲಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರರು ಸಾಮಾನ್ಯವಾಗಿ ಒಂದು ವರ್ಷ ಪಂದ್ಯವಾಡದೆ ಕೂರಬೇಕಿತ್ತು. 2018ರ ಅಕ್ಟೋಬರಿನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವರ್ಗಾವಣೆ ಪೋರ್ಟಲ್ ತೆರೆಯಿತು. 2021ರಲ್ಲಿ ಒಂದು ಸಲ ಬದಲಿಸಿದರೆ ಕೂರಬೇಕಾಗಿಲ್ಲ ಎಂದಾಯಿತು. ಆಮೇಲೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಎಷ್ಟು ಸಲ ಬದಲಿಸಿದರೂ ತಕ್ಷಣ ಆಡಬಹುದು ಎಂಬ ನಿಯಮ ಬಂತು. ಆದರೆ ಒಂದು ಷರತ್ತು ಉಳಿಯಿತು: ಓದು ಹಾದಿಯಲ್ಲಿರಬೇಕು. ಹಳೆಯ ಬೇಲಿಗಳೆಲ್ಲ ಬಿದ್ದ ಮೇಲೆ ನಿಂತಿರುವ ಗಟ್ಟಿ ಬೇಲಿ ಇದೊಂದೇ. ಕೋಚ್‌ಗಳು ಫೋನಿನಲ್ಲಿ ಮಾತನಾಡುವಾಗ ಇದರ ಪ್ರಸ್ತಾಪವನ್ನೇ ಮಾಡುವುದಿಲ್ಲ.

ಆ ಷರತ್ತಿನ ಒಳಗೆ ಏನಿದೆ ಎಂದು ಬಿಡಿಸಿ ಹೇಳುತ್ತೇನೆ. ಮೂರನೆಯ ವರ್ಷಕ್ಕೆ ಕಾಲಿಡುವ ವಿದ್ಯಾರ್ಥಿನಿ ತಾನು ಆರಿಸಿಕೊಂಡ ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಶೇಕಡಾ 40ನ್ನು ಮುಗಿಸಿರಬೇಕು. ನಾಲ್ಕನೆಯ ವರ್ಷಕ್ಕೆ ಶೇಕಡಾ 60, ಐದನೆಯ ವರ್ಷಕ್ಕೆ ಶೇಕಡಾ 80. ಗಮನಿಸಿ, ಲೆಕ್ಕ ನಡೆಯುವುದು ಹೊಸ ವಿಶ್ವವಿದ್ಯಾಲಯ ಕೊಡುವ ಪದವಿಯ ಮೇಲೆ. ನಿಮ್ಮ ಮಗಳ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 62 ಕ್ರೆಡಿಟ್ ಇದೆ, ಅಂಕಗಳೂ ಚೆನ್ನಾಗಿವೆ. ಎರಡನೆಯ ವಿಶ್ವವಿದ್ಯಾಲಯದವರು 'ಎಲ್ಲ ಕ್ರೆಡಿಟ್‌ಗಳನ್ನೂ ಒಪ್ಪಿಕೊಳ್ಳುತ್ತೇವೆ' ಎಂದು ಬರೆದಿದ್ದಾರೆ. ಅದು ಸುಳ್ಳಲ್ಲ. ಆದರೆ ಒಪ್ಪಿಕೊಳ್ಳುವುದು ಬೇರೆ, ಪದವಿಗೆ ಎಣಿಸುವುದು ಬೇರೆ. ಅವರಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಇಲ್ಲ. ಕೋಚ್ ಸೂಚಿಸಿರುವುದು ಕೈನೀಸಿಯಾಲಜಿ, ಅಂದರೆ ದೇಹಚಲನೆಯ ಶಾಸ್ತ್ರ. ಅವರ ಪಠ್ಯಕ್ರಮದ ಪಕ್ಕದಲ್ಲಿ ಮಗಳ ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು ಒಂದೊಂದೇ ವಿಷಯಕ್ಕೆ ಗುರುತು ಹಾಕುತ್ತಾ ಬಂದೆ. ಇಂಗ್ಲಿಷ್, ಇತಿಹಾಸ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿಕೊಳ್ಳುತ್ತವೆ. ಒಂದು ಕ್ಯಾಲ್ಕುಲಸ್ ಸೇರಿಕೊಳ್ಳುತ್ತದೆ. ಎರಡನೆಯ, ಮೂರನೆಯ ಕ್ಯಾಲ್ಕುಲಸ್‌ಗೆ ಅಲ್ಲಿ ಜಾಗವಿಲ್ಲ. ಸ್ಟ್ಯಾಟಿಕ್ಸ್, ಪ್ರೋಗ್ರಾಮಿಂಗ್, ಎಂಜಿನಿಯರಿಂಗ್ ಡಿಸೈನ್ ಐಚ್ಛಿಕದ ಖಾನೆಗೆ ಹೋಗುತ್ತವೆ, ಆ ಖಾನೆ ಎರಡು ವಿಷಯಕ್ಕೇ ತುಂಬಿಬಿಡುತ್ತದೆ. ನನ್ನ ಎಣಿಕೆಯಲ್ಲಿ 62ರಲ್ಲಿ ಪದವಿಗೆ ದಕ್ಕುವುದು 43. ಆ ಪದವಿಗೆ ಒಟ್ಟು 120 ಕ್ರೆಡಿಟ್ ಬೇಕು, ಅದರ ಶೇಕಡಾ 40 ಎಂದರೆ 48. ಐದು ಕಡಿಮೆ ಬೀಳುತ್ತದೆ.

ಆ ಐದನ್ನು ಬೇಸಿಗೆ ತರಗತಿಗಳಲ್ಲಿ ತುಂಬಿಸಿಕೊಳ್ಳಬಹುದು, ಅನೇಕರು ಹಾಗೆಯೇ ಮಾಡುತ್ತಾರೆ. ನನ್ನ ಆತಂಕ ಅದಲ್ಲ. ಎರಡು ವರ್ಷ ಕಷ್ಟಪಟ್ಟು ಗಣಿತ, ಭೌತಶಾಸ್ತ್ರ ಪಾಸು ಮಾಡಿದ ಹುಡುಗಿ ಆಟದ ಸಲುವಾಗಿ ಎಂಜಿನಿಯರಿಂಗ್ ಬಿಡುತ್ತಿದ್ದಾಳೆ, ಮತ್ತು ಹಾಗೆ ಬಿಡುತ್ತಿದ್ದೇನೆ ಎಂದು ಅವಳು ಯಾರ ಮುಂದೆಯೂ ಹೇಳಿಲ್ಲ. ನಿಮ್ಮ ಪತ್ರದಲ್ಲೂ ಆ ಮಾತಿಲ್ಲ. ಅವಳನ್ನು ನೇರವಾಗಿ ಕೇಳಿ: 'ಬ್ಯಾಸ್ಕೆಟ್‌ಬಾಲ್ ಇಲ್ಲದೇ ಹೋಗಿದ್ದರೆ ನೀನು ಕೈನೀಸಿಯಾಲಜಿ ಓದುತ್ತಿದ್ದೆಯಾ?' ಹೌದು ಎಂದರೆ ಎರಡನೆಯದನ್ನು ಖಂಡಿತ ಪರಿಗಣಿಸಿ. ಅದು ಒಳ್ಳೆಯ ವಿಷಯವೇ, ಫಿಸಿಯೋಥೆರಪಿ ಕಡೆಗೆ ಹೋಗುವವರು ಅದನ್ನು ಮನಸಾರೆ ಆರಿಸಿಕೊಳ್ಳುತ್ತಾರೆ. ಅಲ್ಲ ಎಂದರೆ, ಆ ಕೋಚ್ ಎಷ್ಟೇ ಅಕ್ಕರೆಯವರಾಗಿದ್ದರೂ ಆ ಬಾಗಿಲು ಮುಚ್ಚಿದಂತೆಯೇ ಲೆಕ್ಕ.

ಉಳಿದ ಎರಡು ಕಡೆಯೂ ಎಂಜಿನಿಯರಿಂಗ್ ಇದೆ. ಅಲ್ಲಿಯೂ ಬಾಯಿಮಾತಿಗೆ ಒಪ್ಪಬೇಡಿ. ಕ್ರೀಡಾ ವಿಭಾಗದ ಓದಿನ ಸಲಹೆಗಾರರಲ್ಲ, ಎಂಜಿನಿಯರಿಂಗ್ ಕಾಲೇಜಿನವರೇ ಟ್ರಾನ್ಸ್‌ಕ್ರಿಪ್ಟ್ ನೋಡಿ, ಯಾವ ವಿಷಯ ಯಾವುದರ ಬದಲಿಗೆ ಎಣಿಕೆಯಾಗುತ್ತದೆ ಎಂದು ಬರೆದುಕೊಡಬೇಕು. ಮನೆ ಹತ್ತಿರದ ವಿಶ್ವವಿದ್ಯಾಲಯದ ಪದವಿಗೆ 128 ಕ್ರೆಡಿಟ್ ಬೇಕು, ಅಲ್ಲಿ ಅವಳು ದಾಟಬೇಕಾದದ್ದು 52. ನನ್ನ ಎಣಿಕೆಯಲ್ಲಿ ಅವಳಿಗೆ 57 ಸಿಗುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಅಲ್ಲೇ ಕೇಳಿ: ಮೂರನೆಯ ವರ್ಷದ ಲ್ಯಾಬ್‌ಗಳು ಯಾವ ಹೊತ್ತಿಗೆ ನಡೆಯುತ್ತವೆ? ಮಧ್ಯಾಹ್ನ ಎರಡರಿಂದ ಐದರವರೆಗೆ ಲ್ಯಾಬ್ ಇದ್ದು, ತಂಡದ ಅಭ್ಯಾಸವೂ ಅದೇ ಹೊತ್ತಿಗಿದ್ದರೆ, ಹುಡುಗಿ ಪ್ರತಿ ವಾರ ಯಾರೋ ಒಬ್ಬರ ಎದುರು ತಪ್ಪಿತಸ್ಥಳಾಗಿ ನಿಲ್ಲಬೇಕಾಗುತ್ತದೆ. ಈಗಿನ ತಂಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಒಬ್ಬಳಾದರೂ ಇದ್ದಾಳೆಯೇ ಎಂದು ಕೇಳಿ. ಇದ್ದರೆ ಮಗಳು ಅವಳೊಂದಿಗೆ ಅರ್ಧ ಗಂಟೆ ಮಾತನಾಡಲಿ. ಕೋಚ್ ಹೇಳುವ ಯಾವ ಮಾತಿಗಿಂತಲೂ ಆ ಅರ್ಧ ಗಂಟೆಯಲ್ಲಿ ಹೆಚ್ಚು ತಿಳಿಯುತ್ತದೆ.

ಈಗ ಆಟಕ್ಕೆ ಬರೋಣ. ಪಂದ್ಯ 40 ನಿಮಿಷ, ಅಂಗಳದಲ್ಲಿ ಐವರು, ಒಟ್ಟು 200 ನಿಮಿಷ. ಜಗತ್ತಿನ ಅತ್ಯಂತ ಶ್ರೀಮಂತ ತಂಡದ ಕೋಚ್ ಕೂಡ ಇದನ್ನು 201 ಮಾಡಲಾರರು. ಮೂವರು ಗಾರ್ಡ್‌ಗಳನ್ನು ಆಡಿಸುವ ತಂಡದಲ್ಲಿ ಗಾರ್ಡ್‌ಗಳ ಪಾಲು 120 ನಿಮಿಷ. ಹೋದ ಸೀಸನ್‌ನಲ್ಲಿ ಯಾರು ಎಷ್ಟು ನಿಮಿಷ ಆಡಿದರು ಎಂಬುದು ಪ್ರತಿ ತಂಡದ ವೆಬ್‌ಸೈಟಿನಲ್ಲಿ ಇರುತ್ತದೆ. ಅವರಲ್ಲಿ ಯಾರು ಪದವಿ ಮುಗಿಸಿದರು, ಯಾರು ಪೋರ್ಟಲ್‌ಗೆ ಹೋದರು, ಯಾರು ಉಳಿದರು ಎಂದು ಗುರುತು ಮಾಡಿಕೊಂಡರೆ ಖಾಲಿಯಾದ ನಿಮಿಷಗಳು ಕಣ್ಣಿಗೆ ಕಾಣುತ್ತವೆ.

ನಿಮ್ಮ ಯಜಮಾನರು ಮೆಚ್ಚಿದ ದೊಡ್ಡ ತಂಡವನ್ನು ನೋಡಿ. ಅಲ್ಲಿ ಮೂವರು ಗಾರ್ಡ್‌ಗಳು ಮರಳಿ ಬರುತ್ತಿದ್ದಾರೆ. ಅವರ ಸರಾಸರಿ 33, 31 ಮತ್ತು 27 ನಿಮಿಷ, ಒಟ್ಟು 91. ಉಳಿಯುವುದು 29. ಆ 29ಕ್ಕೆ ಈಗಾಗಲೇ ಪೋರ್ಟಲ್‌ನಿಂದ ಬಂದ ಒಬ್ಬಳು ಸಹಿ ಹಾಕಿದ್ದಾಳೆ, ಹೈಸ್ಕೂಲಿನಿಂದ ಇಬ್ಬರು ಹೆಸರಾಂತ ಹುಡುಗಿಯರು ಬರುತ್ತಿದ್ದಾರೆ. ನಿಮ್ಮ ಮಗಳು ನಾಲ್ಕನೆಯವಳು. ಮೂರು ವಾರದಲ್ಲಿ ಇನ್ನೊಬ್ಬಳು ಬಂದರೂ ಆಶ್ಚರ್ಯವಿಲ್ಲ. 'ನಿನಗೆ ಇಲ್ಲಿ ಪಾತ್ರವಿದೆ' ಎಂದು ಕೋಚ್ ಹೇಳಿದ್ದಾರಂತೆ. ಇರಬಹುದು. ಹದಿನೈದು ಜನರ ತಂಡದಲ್ಲಿ ಹನ್ನೊಂದನೆಯವಳಿಗೂ ಒಂದು ಪಾತ್ರ ಇರುತ್ತದೆ. ಅಭ್ಯಾಸದಲ್ಲಿ ಎದುರು ತಂಡದ ಶೂಟರ್‌ನಂತೆ ಆಡಿ ತೋರಿಸುವುದೂ ಒಂದು ಪಾತ್ರವೇ. ಇನ್ನು ಎರಡೇ ಸೀಸನ್ ಉಳಿದಿರುವವಳು ಅದರಲ್ಲಿ ಒಂದನ್ನು ಹಾಗೆ ಕಳೆಯಬೇಕೆ?

ಮನೆ ಹತ್ತಿರದ ತಂಡದಲ್ಲಿ ಪರಿಸ್ಥಿತಿ ಬೇರೆ. ಸರಾಸರಿ 34 ಮತ್ತು 29 ನಿಮಿಷ ಆಡುತ್ತಿದ್ದ ಇಬ್ಬರು ಗಾರ್ಡ್‌ಗಳು ಪದವಿ ಮುಗಿಸಿ ಹೊರಟಿದ್ದಾರೆ. 63 ನಿಮಿಷ ಖಾಲಿ. ಬರುತ್ತಿರುವವಳು ಸದ್ಯಕ್ಕೆ ಹೈಸ್ಕೂಲಿನ ಒಬ್ಬಳೇ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ತಂಡವನ್ನು ನಡೆಸುವ ಪಾಯಿಂಟ್ ಗಾರ್ಡ್ ಹೋಗಿಲ್ಲ, ಉಳಿದಿದ್ದಾಳೆ. ಚೆಂಡನ್ನು ತಂದುಕೊಡುವವಳು ಅಲ್ಲಿದ್ದಾಳೆ, ಮೂಲೆಯಲ್ಲಿ ನಿಂತು ಮೂರು ಪಾಯಿಂಟ್‌ನ ಎಸೆತ ಎಸೆಯುವವಳು ಬೇಕಾಗಿದ್ದಾಳೆ. ನಿಮ್ಮ ಮಗಳು ಅದನ್ನೇ ಮಾಡುವವಳು.

ಈ ಕೊನೆಯ ಮಾತಿಗೆ ಇಷ್ಟು ತೂಕ ಏಕೆ ಕೊಡುತ್ತೇನೆ ಎಂದರೆ, ಹೇಲಿ ವ್ಯಾನ್ ಲಿತ್ ಅವರ ಕಥೆ ಕಣ್ಣ ಮುಂದಿದೆ. ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಆಡಿದವರು, 2022ರಲ್ಲಿ ತಂಡದೊಂದಿಗೆ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಹಂತ) ತಲುಪಿದವರು. 2022-23ರಲ್ಲಿ ಅವರ ಸರಾಸರಿ 19.7 ಪಾಯಿಂಟ್. ಆಮೇಲೆ ಆರಿಸಿಕೊಂಡದ್ದು ಎಲ್‌ಎಸ್‌ಯು, ಅಂದರೆ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ. ಆಗಷ್ಟೇ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ, ತಾರೆ ಏಂಜಲ್ ರೀಸ್ ಇದ್ದ ತಂಡ. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಆದರೆ ಆ ತಂಡಕ್ಕೆ ಬೇಕಾಗಿದ್ದದ್ದು ಪಾಯಿಂಟ್ ಗಾರ್ಡ್. ಪಾಯಿಂಟ್ ಗಳಿಸುವುದೇ ಸ್ವಭಾವವಾಗಿದ್ದ ಆಟಗಾರ್ತಿ ಈಗ ಚೆಂಡು ತಂದು, ಆಟ ಜೋಡಿಸಿ, ಬೇರೆಯವರಿಗೆ ಹಂಚಬೇಕಾಯಿತು. ಸುತ್ತಲೂ ಪಾಯಿಂಟ್ ಗಳಿಸುವವರೇ ತುಂಬಿದ್ದರು. ಆ ಸೀಸನ್‌ನ ಸರಾಸರಿ 11.6ಕ್ಕೆ ಇಳಿಯಿತು. ಆಕೆಯ ಕೈಚಳಕವೇನೂ ಒಂದು ವರ್ಷದಲ್ಲಿ ಮಾಯವಾಗಿರಲಿಲ್ಲ, ಸಿಕ್ಕಿದ ಕೆಲಸ ಬೇರೆಯಾಗಿತ್ತು. 2024ರಲ್ಲಿ ಅವರು ನಿಮ್ಮ ಪಕ್ಕದ ಫೋರ್ಟ್ ವರ್ತ್‌ನ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯಕ್ಕೆ ಬಂದರು. ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದಕ್ಕೆ ಅಂಥ ದೊಡ್ಡ ಹೆಸರಿರಲಿಲ್ಲ. ಅಲ್ಲಿ ಕೋಚ್ ಮಾರ್ಕ್ ಕ್ಯಾಂಪ್‌ಬೆಲ್ ಇಡೀ ಆಟವನ್ನು ಅವರ ಸುತ್ತ ಕಟ್ಟಿದರು. ಸರಾಸರಿ 17.9ಕ್ಕೆ ಏರಿತು, ಬಿಗ್ 12 ಕಾನ್ಫರೆನ್ಸ್‌ನ ವರ್ಷದ ಆಟಗಾರ್ತಿ ಎಂಬ ಗೌರವ ಬಂತು, ತಂಡ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟಕ್ಕೆ ತಲುಪಿತು. ಮಹಿಳೆಯರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯ 2025ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರ್ತಿಯರ ಆಯ್ಕೆಯಲ್ಲಿ, ಶಿಕಾಗೊ ಸ್ಕೈ ತಂಡ 11ನೆಯ ಆಯ್ಕೆಯಾಗಿ ಅವರನ್ನು ತೆಗೆದುಕೊಂಡಿತು.

ಲಾರೆನ್ ಬೆಟ್ಸ್ ಅವರದೂ ಇದೇ ಪಾಠ. 2022ರ ಹೈಸ್ಕೂಲ್ ಆಟಗಾರ್ತಿಯರಲ್ಲಿ ಮೊದಲ ಸ್ಥಾನದಲ್ಲಿದ್ದವರು ಸ್ಟ್ಯಾನ್‌ಫರ್ಡ್‌ನಲ್ಲಿ ಪಂದ್ಯಕ್ಕೆ ಹತ್ತು ನಿಮಿಷದ ಆಸುಪಾಸಿನಲ್ಲಿ ಆಡಿದರು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೋಗಿ, ಎರಡು ವರ್ಷದಲ್ಲಿ ಆ ತಂಡವನ್ನು 2025ರ ಫೈನಲ್ ಫೋರ್‌ಗೆ ಕೊಂಡೊಯ್ದರು.

ಹಾಗೆಂದು ಸಣ್ಣ ತಂಡದಿಂದ ದೊಡ್ಡ ತಂಡಕ್ಕೆ ಹಾರುವುದೇ ತಪ್ಪು ಎಂದು ನಿಮ್ಮ ಯಜಮಾನರಿಗೆ ನಾನು ಹೇಳುತ್ತಿಲ್ಲ. 2025ರ ಪುರುಷರ ಚಾಂಪಿಯನ್ ತಂಡವಾದ ಫ್ಲೋರಿಡಾವನ್ನೇ ತೆಗೆದುಕೊಳ್ಳಿ. ಅದರ ಮೂವರು ಮುಖ್ಯ ಗಾರ್ಡ್‌ಗಳಲ್ಲಿ ವಾಲ್ಟರ್ ಕ್ಲೇಟನ್ ಐಯೋನಾದಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ, ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಬಂದವರು. ಮೂವರೂ ದೊಡ್ಡ ಕಾನ್ಫರೆನ್ಸ್‌ನ ಹೊರಗಿನವರು. ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿದಾಗ ಟೂರ್ನಿಯ ಶ್ರೇಷ್ಠ ಆಟಗಾರನೆಂಬ ಗೌರವ ಕ್ಲೇಟನ್‌ಗೇ ಸಿಕ್ಕಿತು. ಆದರೆ ರಿಚರ್ಡ್ ಬಂದದ್ದು 2022ರಲ್ಲಿ, ಕ್ಲೇಟನ್ 2023ರಲ್ಲಿ, ಮಾರ್ಟಿನ್ 2024ರಲ್ಲಿ. ಒಂದೊಂದು ವರ್ಷ ಒಬ್ಬೊಬ್ಬರಿಗೆ ಜಾಗ ತೆರವಾದಂತೆ ಬಂದರು, ಬಂದವರು ಆಡಿದರು. ನಿಮ್ಮ ಮಗಳಿಗೆ ಬಂದಿರುವ ಕರೆಯಲ್ಲಿ ಅಂಥ ತೆರವು ನನಗೆ ಕಾಣುತ್ತಿಲ್ಲ. ಆ ದೊಡ್ಡ ವಿಶ್ವವಿದ್ಯಾಲಯದ ಮೂವರು ಗಾರ್ಡ್‌ಗಳಲ್ಲಿ ಇಬ್ಬರು ಇದ್ದಕ್ಕಿದ್ದಂತೆ ಪೋರ್ಟಲ್‌ಗೆ ಹೋದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿ.

ಕೋಚ್ ಹಿಂದೆ ಹೋಗುವ ವಿಚಾರ. ಮಗಳ ಮನಸ್ಸು ನನಗೆ ಅರ್ಥವಾಗುತ್ತದೆ. ಹದಿನೇಳು ವರ್ಷದವಳಿದ್ದಾಗ ತನ್ನ ಆಟವನ್ನು ಗುರುತಿಸಿ ಮನೆಯವರೆಗೆ ಬಂದವರನ್ನು ಮರೆಯಲಾಗದು. ಆಸ್ಟ್ರೇಲಿಯಾದ ಜಾರ್ಜಿಯಾ ಅಮೋರ್ 2024ರಲ್ಲಿ ಕೋಚ್ ಕೆನ್ನಿ ಬ್ರೂಕ್ಸ್ ಅವರ ಹಿಂದೆಯೇ ವರ್ಜೀನಿಯಾ ಟೆಕ್ ಬಿಟ್ಟು ಕೆಂಟಕಿಗೆ ಹೋದರು, ಮರುವರ್ಷ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ಆಯ್ಕೆಯಾದರು. ಇತ್ತ ಕ್ಲೇಟನ್ ಅವರ ಕೋಚ್ ರಿಕ್ ಪಿಟಿನೊ 2023ರಲ್ಲಿ ಐಯೋನಾ ಬಿಟ್ಟು ಸೇಂಟ್ ಜಾನ್ಸ್‌ಗೆ ಹೋದಾಗ, ಕ್ಲೇಟನ್ ಆ ಕೋಚ್ ಹಿಂದೆ ಹೋಗಲಿಲ್ಲ, ತಮ್ಮ ರಾಜ್ಯವಾದ ಫ್ಲೋರಿಡಾಕ್ಕೆ ಮರಳಿದರು. ಇಬ್ಬರಿಗೂ ಒಳ್ಳೆಯದೇ ಆಯಿತು. ಆದ್ದರಿಂದ ಕೋಚ್ ಪರಿಚಿತರು ಎಂಬ ಒಂದೇ ಕಾರಣ ಯಾವ ಕಡೆಗೂ ತಕ್ಕಡಿ ತೂಗದು. ನೋಡಬೇಕಾದದ್ದು ಬೇರೆ. ಸಹಾಯಕರಾಗಿದ್ದಾಗ ಅಕ್ಕನಂತಿದ್ದವರು ಮುಖ್ಯ ಕೋಚ್ ಆದ ಮೇಲೆ ಸೋಲು-ಗೆಲುವಿನ ಹೊರೆಯನ್ನು ತಾವೇ ಹೊರಬೇಕು, ಸಂಬಂಧ ಹಾಗೆಯೇ ಉಳಿಯುತ್ತದೆಂದು ಹೇಳಲಾಗದು. ಅಲ್ಲಿಂದ ಏಳು ಆಟಗಾರ್ತಿಯರು ಹೊರಟಿದ್ದಾರೆಂದು ನೀವು ಬರೆದಿದ್ದೀರಿ. ನಿಮಿಷಗಳು ಧಾರಾಳವಾಗಿ ಖಾಲಿಯಿವೆ ನಿಜ, ಆದರೆ ಅವರು ತಂಡವನ್ನು ಬುಡದಿಂದ ಕಟ್ಟುತ್ತಿದ್ದಾರೆ, ಇನ್ನೂ ನಾಲ್ಕೈದು ಗಾರ್ಡ್‌ಗಳನ್ನು ತರುತ್ತಾರೆ. ಯಾರು ಬರುತ್ತಾರೆಂದು ಇಂದು ಅವರಿಗೂ ಗೊತ್ತಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಕುಟುಂಬದ ಪರಿಸ್ಥಿತಿ ಬೇರೆ ಆಟಗಾರ್ತಿಯರ ಕುಟುಂಬಗಳಂತಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ಹಣ ಗಳಿಸಬಹುದು. ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ನೀಡಿದ ಮೇಲೆ, ಆ ವರ್ಷದ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಹಂಚುತ್ತಿವೆ. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೆ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರಲ್ಲಿ ಸಿಂಹಪಾಲು ಫುಟ್‌ಬಾಲ್‌ಗೆ, ಆಮೇಲೆ ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ. ಮಹಿಳಾ ತಂಡಕ್ಕೆ ಬರುವುದು ಚಿಕ್ಕ ಪಾಲು.

ಆದರೆ ಎಚ್-4 ವೀಸಾದಲ್ಲಿರುವ ಮಗಳಿಗೆ ಅಮೆರಿಕದಲ್ಲಿ ದುಡಿಯುವ ಅನುಮತಿಯೇ ಇಲ್ಲ. ಸ್ಕಾಲರ್‌ಶಿಪ್‌ಗೆ ಅಡ್ಡಿಯಿಲ್ಲ. ಅಂಗಡಿಯೊಂದರ ಜಾಹೀರಾತಿನಲ್ಲಿ ನಿಂತು ಹಣ ಪಡೆದರೆ ಮಾತ್ರ ಅವಳ ವಾಸದ ಹಕ್ಕಿಗೇ ಕುತ್ತು ಬರಬಹುದು. ವಿದ್ಯಾರ್ಥಿ ವೀಸಾ ಆದ ಎಫ್-1ಕ್ಕೆ ಬದಲಾದ ಮೇಲೂ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಬಿಗಿಯಾದ ಕಟ್ಟುಪಾಡುಗಳಿವೆ. ಹೀಗಿರುವಾಗ ದೊಡ್ಡ ವಿಶ್ವವಿದ್ಯಾಲಯ ತೋರಿಸಿದ ಮೊತ್ತವನ್ನು ತಕ್ಕಡಿಗೆ ಹಾಕುವುದೇ ಸರಿಯಲ್ಲ. ಆ ಕೋಚ್‌ಗೆ ಮಗಳ ವೀಸಾ ಯಾವುದೆಂದು ಗೊತ್ತಿದೆಯೇ ಎಂದು ಇವತ್ತೇ ಕೇಳಿ. ಬಹುಶಃ ಗೊತ್ತಿರುವುದಿಲ್ಲ. ಟೆಕ್ಸಸ್‌ನ ಹೈಸ್ಕೂಲಿನಲ್ಲಿ ಓದಿದ, ಅಲ್ಲಿಯ ಇಂಗ್ಲಿಷ್ ಮಾತನಾಡುವ ಹುಡುಗಿ ಅಮೆರಿಕದ ಪ್ರಜೆಯೇ ಇರಬೇಕೆಂದು ಅವರು ಭಾವಿಸಿರುತ್ತಾರೆ.

ವೀಸಾದ ದಿನಾಂಕಗಳನ್ನು ಆಟದ ದಿನಾಂಕಗಳಷ್ಟೇ ಗಂಭೀರವಾಗಿ ನೋಡಿ. 21 ತುಂಬಿದ ದಿನ ಎಚ್-4 ಕೊನೆಗೊಳ್ಳುತ್ತದೆ. ಅದಕ್ಕೆ ಮೊದಲೇ ಎಫ್-1ಕ್ಕೆ ಬದಲಾಯಿಸಲು ಅರ್ಜಿ ಹೋಗಿರಬೇಕು. ಅರ್ಜಿಗೆ ಹೊಸ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ದಾಖಲೆ ಬೇಕು. ಅಂದರೆ ಆಯ್ಕೆ ತಡವಾದಷ್ಟೂ ಇದೂ ತಡವಾಗುತ್ತದೆ. ಅರ್ಜಿ ಬಾಕಿಯಿರುವಾಗ ಅವಳು ಅಮೆರಿಕ ಬಿಟ್ಟು ಹೊರಗೆ ಹೋದರೆ ಅರ್ಜಿಯನ್ನು ಕೈಬಿಟ್ಟಂತೆ ಲೆಕ್ಕ. ಅಜ್ಜಿಯನ್ನು ನೋಡಲು ಹಾಸನಕ್ಕೆ ಹೋಗುವುದಷ್ಟೇ ಅಲ್ಲ, ನವೆಂಬರಿನಲ್ಲಿ ಕಾಲೇಜು ತಂಡಗಳು ಬಹಾಮಾಸ್‌ನಂಥ ಕಡೆಗೆ ಟೂರ್ನಿಗೆ ಹೋಗುತ್ತವೆ, ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ವಿದೇಶ ಪ್ರವಾಸಕ್ಕೂ ಅವಕಾಶವಿದೆ. ಮೂರೂ ತಂಡಗಳ ಮುಂದಿನ ಸೀಸನ್‌ನ ವೇಳಾಪಟ್ಟಿಯಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಕೇಳಿ. ಭಾರತಕ್ಕೆ ಬಂದು ವೀಸಾ ಮುದ್ರೆ ಹಾಕಿಸಿಕೊಂಡು ಮರಳುವ ಇನ್ನೊಂದು ದಾರಿಯೂ ಇದೆ, ಅದಕ್ಕೆ ಅದರದೇ ಅಪಾಯಗಳಿವೆ. ಎರಡರಲ್ಲಿ ಯಾವುದು ಎಂಬುದನ್ನು ವಲಸೆ ವಕೀಲರೊಬ್ಬರ ಜೊತೆ ಕುಳಿತು ತೀರ್ಮಾನಿಸಿ, ಕೋಚ್ ಮಾತಿನ ಮೇಲೆ ಬೇಡ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೂ ಕ್ರೀಡಾ ವಿಭಾಗಕ್ಕೂ ಮಾತುಕತೆ ಹೇಗಿದೆ ಎಂಬುದನ್ನೂ ಗಮನಿಸಿ. ವಿದೇಶಿ ಆಟಗಾರ್ತಿಯರು ಈಗಾಗಲೇ ಇರುವ ತಂಡದಲ್ಲಿ ಈ ಕೆಲಸ ಸಲೀಸಾಗಿ ನಡೆಯುತ್ತದೆ.

ಕರೆ ಬಂದಿದೆ ಎಂದರೆ ಕೆಲಸ ಆಯಿತೆಂದಲ್ಲ. ಕೋಚ್ ಬಾಯಲ್ಲಿ ಹೇಳಿದ ಸ್ಕಾಲರ್‌ಶಿಪ್‌ಗೆ ಬೆಲೆಯಿಲ್ಲ. ಹಿಂದಿದ್ದ ಲೆಟರ್ ಆಫ್ ಇಂಟೆಂಟ್ (ಸೇರುತ್ತೇನೆಂದು ಸಹಿ ಹಾಕುವ ಪತ್ರ) ಪದ್ಧತಿಯನ್ನು 2024ರ ಅಕ್ಟೋಬರಿನಲ್ಲಿ ರದ್ದು ಮಾಡಿದರು. ಈಗ ಆರ್ಥಿಕ ನೆರವಿನ ಲಿಖಿತ ಒಪ್ಪಂದವೇ ಆಧಾರ. ಅದರಲ್ಲಿ ಎಷ್ಟು ವರ್ಷಕ್ಕೆ ಎಂದು ನೋಡಿ. ಒಂದೇ ವರ್ಷಕ್ಕೆ ಬರೆದಿದ್ದರೆ ಎರಡು ವರ್ಷಕ್ಕೆ ಕೇಳಿ. ಎಂಜಿನಿಯರಿಂಗ್ ಮುಗಿಯಲು ಎರಡು ವರ್ಷ ಸಾಲದಿದ್ದರೆ ಕೊನೆಯ ಸೆಮಿಸ್ಟರ್ ಯಾರು ಕಟ್ಟುತ್ತಾರೆ ಎಂದೂ ಕೇಳಿ. ಬೇಸಿಗೆ ತರಗತಿಯ ಶುಲ್ಕ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳಿ. ಡಿವಿಷನ್ 1ರಲ್ಲಿ ಆಟ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಸ್ಕಾಲರ್‌ಶಿಪ್ ಕಡಿತ ಮಾಡುವಂತಿಲ್ಲ, ಆಟದಲ್ಲಿ ಆದ ಗಾಯಕ್ಕೆ ಕಾಲೇಜು ಬಿಟ್ಟು ಎರಡು ವರ್ಷದವರೆಗೂ ಚಿಕಿತ್ಸೆಯ ವೆಚ್ಚ ನೋಡಿಕೊಳ್ಳಬೇಕು ಎಂಬ ನಿಯಮಗಳು 2024ರ ಆಗಸ್ಟ್‌ನಿಂದ ಜಾರಿಯಲ್ಲಿವೆ. ಈಗಿನ ಕಾಲೇಜಿನ ವಿಷಯವೂ ತಿಳಿದಿರಲಿ. ಪೋರ್ಟಲ್‌ಗೆ ಹೆಸರು ಹೋದ ಮೇಲೆ ಸೆಮಿಸ್ಟರ್ ಮುಗಿದೊಡನೆ ಅವರು ನೆರವು ನಿಲ್ಲಿಸಬಹುದು, ಅವಳ ಜಾಗವನ್ನು ಬೇರೆಯವರಿಗೆ ಕೊಡಬಹುದು. ಹಿಂದಕ್ಕೆ ಹೋಗುವ ದಾರಿ ಇದೆಯೆಂದು ಎಣಿಸಬೇಡಿ. ಪೋರ್ಟಲ್‌ಗೆ ಹೆಸರು ಹಾಕಲು ಮಾತ್ರ ಗಡುವು, ಹೊಸ ತಂಡ ಆರಿಸಲು ಅಲ್ಲ ಎಂಬುದು ನಿಜ. ಆದರೆ ಖಾಲಿ ಜಾಗಗಳು ನಿಮಗಾಗಿ ಕಾಯುವುದಿಲ್ಲ. ಮಹಿಳಾ ಡಿವಿಷನ್ 1ರಲ್ಲಿ ಸುಮಾರು 360 ತಂಡಗಳಿವೆ, ಪ್ರತಿ ವರ್ಷ ಸಾವಿರಕ್ಕೂ ಹೆಚ್ಚು ಆಟಗಾರ್ತಿಯರು ಪೋರ್ಟಲ್‌ಗೆ ಬರುತ್ತಾರೆ.

ಕ್ಯಾಂಪಸ್ ಭೇಟಿಗೆ ಕರೆದರೆ ಖಂಡಿತ ಹೋಗಿ. ಅಧಿಕೃತ ಭೇಟಿಯಲ್ಲಿ ಮನೆಯ ಇಬ್ಬರ ಪ್ರಯಾಣ ವೆಚ್ಚವನ್ನೂ ಅವರು ಕೊಡಬಹುದು. ಹೊಸ ಲಾಕರ್ ರೂಮು, ಗೋಡೆಯ ತುಂಬ ದೀಪ, ಮಗಳ ಹೆಸರು ಬರೆದ ಜೆರ್ಸಿ ಎಲ್ಲ ಕಡೆಯೂ ಇರುತ್ತದೆ. ನೀವು ಮೈಸೂರು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಆ ಕಣ್ಣಿನಿಂದ ನೋಡಿ. ಬೇಸಿಗೆಗೆ ಮೊದಲಿನ ವಾರಗಳಲ್ಲಿ ನಡೆಯುವುದು ಚಿಕ್ಕ ಅಭ್ಯಾಸಗಳು, ಆದರೂ ಬೇಕಾದಷ್ಟು ಕಾಣುತ್ತದೆ. ಒಬ್ಬಳು ಸತತ ಮೂರು ಎಸೆತ ತಪ್ಪಿದಾಗ ಕೋಚ್ ಏನು ಮಾಡುತ್ತಾರೆ, ಅವಳ ಮೊಣಕೈ ಸರಿಪಡಿಸುತ್ತಾರೆಯೇ, ಮುಖ ತಿರುಗಿಸುತ್ತಾರೆಯೇ? ಬೆಂಚಿನಲ್ಲಿ ಕೂತವರು ಆಟ ನೋಡುತ್ತಿರುತ್ತಾರೆಯೇ, ನೆಲ ನೋಡುತ್ತಿರುತ್ತಾರೆಯೇ? ಸಂಜೆ ಕೋಚ್‌ಗಳಿಲ್ಲದೆ ಆಟಗಾರ್ತಿಯರ ಜೊತೆಗಷ್ಟೇ ಊಟಕ್ಕೆ ಮಗಳನ್ನು ಕಳುಹಿಸಿ, ನೀವು ಹೋಗಬೇಡಿ. ಸಾಧ್ಯವಾದರೆ ಆ ತಂಡ ಬಿಟ್ಟು ಹೋದ ಒಬ್ಬಳ ಜೊತೆಗೂ ಅವಳು ಮಾತನಾಡಲಿ.

ಯಜಮಾನರಿಗೆ ಒಂದು ಮಾತು. ಮನೆ ಹತ್ತಿರದ ವಿಶ್ವವಿದ್ಯಾಲಯದ ಹೆಸರನ್ನು ಹಾಸನದಲ್ಲಿ ಯಾರೂ ಕೇಳಿಲ್ಲ ಎಂಬ ಅವರ ಕೊರಗನ್ನು ನೀವು ಬರೆದಿದ್ದೀರಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ ಆಗಬಾರದು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದಲ್ಲಿ ಆಡಿದ್ದು ಅರಿಜೋನಾದ ಬೆಟ್ಟದ ಊರು ಫ್ಲಾಗ್‌ಸ್ಟಾಫ್‌ನ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ. ಅದರ ಹೆಸರನ್ನೂ ನಮ್ಮ ಕಡೆ ಹೆಚ್ಚು ಜನ ಕೇಳಿರಲಿಲ್ಲ. ಅವರು ಭಾರತ ತಂಡಕ್ಕೂ ಆಡಿದರು. ವಿದೇಶಿ ಲೀಗ್‌ಗಳ ತಂಡಗಳು ಕಾಲೇಜಿನಿಂದ ಬಂದವರಲ್ಲಿ ನೋಡುವುದು ಆಡಿದ ಪಂದ್ಯಗಳ ವಿಡಿಯೋ. ಬೆಂಚಿನಲ್ಲಿ ಕೂತವರ ವಿಡಿಯೋ ಇರುವುದಿಲ್ಲ.

ನಿಮಗೂ ಒಂದು ಮಾತಿದೆ ತಾಯಿ. ಮುಕ್ಕಾಲು ಗಂಟೆಯ ದಾರಿ ಎಂದರೆ ವಾರಾಂತ್ಯಕ್ಕೆ ಮನೆಗೆ ಬರುತ್ತಾಳೆ ಎಂದುಕೊಳ್ಳಬೇಡಿ. ನವೆಂಬರಿನಿಂದ ಮಾರ್ಚ್‌ವರೆಗೆ ವಾರಕ್ಕೆ ಎರಡು ಪಂದ್ಯ, ಪ್ರಯಾಣ, ಲ್ಯಾಬ್. ನೀವೇ ಅಲ್ಲಿಗೆ ಹೋಗಿ ಗ್ಯಾಲರಿಯಲ್ಲಿ ಕೂರಬೇಕು. ಪ್ರತಿ ಪಂದ್ಯದ ನಂತರ ಆಟದ ವಿಮರ್ಶೆ ಮಾಡದೆ ಊಟ ಕೊಟ್ಟು ಬರುವುದಾದರೆ ಹತ್ತಿರ ಇರುವುದು ವರವೇ.

ಎಂಜಿನಿಯರಿಂಗ್ ಕಾಲೇಜಿನವರು ಬರೆದುಕೊಡುವ ಪಟ್ಟಿಯಲ್ಲಿ 52ಕ್ಕಿಂತ ಕಡಿಮೆ ಬಂದರೆ, ಅಥವಾ ಮನೆ ಹತ್ತಿರದ ತಂಡದ ಕೋಚ್ ಇನ್ನಿಬ್ಬರು ಶೂಟಿಂಗ್ ಗಾರ್ಡ್‌ಗಳಿಗೆ ಸಹಿ ಹಾಕಿಸಿದರೆ ನನ್ನ ಉತ್ತರವೂ ಬದಲಾಗುತ್ತದೆ, ಆಗ ಮತ್ತೆ ಬರೆಯಿರಿ. ಎರಡೂ ಸರಿಯಾಗಿದ್ದರೆ ತಡಮಾಡಬೇಡಿ. ಸಹಿ ಹಾಕುವ ಮೊದಲು ಮಗಳು ಉಳಿದ ಇಬ್ಬರು ಕೋಚ್‌ಗಳಿಗೂ ತಾನೇ ಫೋನ್ ಮಾಡಿ ತಿಳಿಸಲಿ, ನೀವು ಮಾಡಬೇಡಿ, ಸಂದೇಶವೂ ಬೇಡ. ಮೊದಲ ಕರೆ ಆ ಹಳೆಯ ಸಹಾಯಕ ಕೋಚ್‌ಗೆ ಹೋಗಲಿ, ಇನ್‌ಸ್ಟಾಗ್ರಾಂನಲ್ಲಿ ಸುದ್ದಿ ಹಾಕುವುದಕ್ಕೆ ಒಂದು ದಿನ ಮುಂಚೆಯೇ. ಎಂಜಿನಿಯರಿಂಗ್ ಬಿಡಲು ಮನಸ್ಸಿಲ್ಲ ಎಂದು ನಿಜವಾದ ಕಾರಣವನ್ನೇ ಹೇಳಲಿ. ಅವರಿಗೆ ಬೇಸರವಾಗುತ್ತದೆ, ಆದರೆ ಆ ಜಾಗಕ್ಕೆ ಬೇರೊಬ್ಬಳನ್ನು ಹುಡುಕಿಕೊಳ್ಳಲು ಸಮಯ ಸಿಗುತ್ತದೆ.